ಜಾಲರಿಯ ಹಿಂದಿನ ಪಿಟೀಲು

ನಾನೊಂದು ಪಿಟೀಲು. ಹುಟ್ಟಿದ್ದು ಇಟಲಿಯ ಬ್ರೆಶಿಯಾ ಊರಿನ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ, ಸಾವಿರದ ಏಳುನೂರ ಎಂಟನೆಯ ಇಸವಿಯ ಚಳಿಗಾಲದಲ್ಲಿ. ಹೊಟ್ಟೆಯ ಹಲಗೆ ಬೆಟ್ಟದ ಮೆದು ಮರದ್ದು, ಬೆನ್ನು ಮೇಪಲ್ ಮರದ್ದು, ತಂತಿಗಳು ಕುರಿಯ ಕರುಳಿನವು. ನನ್ನನ್ನು ಮಾಡಿದ ತೋನಿಯೊ ಮಾತು ಕಡಿಮೆಯ ಮನುಷ್ಯ. ಹಲಗೆ ಹೆರೆಯುತ್ತ ಆಗಾಗ ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದ, ಮತ್ತೆ ಒಂದಿಷ್ಟು ಹೆರೆಯುತ್ತಿದ್ದ. ಒಂದು ದಿನ ತಟ್ಟಿ ನೋಡಿ, "ಹ್ಞಾಂ, ಸಾಕು" ಎಂದ. ನನ್ನ ಜನನದ ಬಗ್ಗೆ ಅವನು ಆಡಿದ್ದು ಅಷ್ಟೇ ಮಾತು. ಆಮೇಲೆ ಮೆರುಗೆಣ್ಣೆ ಬಳಿದು, ಒಣಗಿಸಿ, ತಂತಿ ಕಟ್ಟಿ, ಉಣ್ಣೆ ಬಟ್ಟೆಯಲ್ಲಿ ಸುತ್ತಿ ವೆನಿಸ್ ನಗರಕ್ಕೆ ಕಳಿಸಿದ.

ವೆನಿಸ್ ನೀರಿನ ಮೇಲಿನ ಊರು. ಬೀದಿ ಇರಬೇಕಾದಲ್ಲಿ ಕಾಲುವೆ, ಗಾಡಿ ಇರಬೇಕಾದಲ್ಲಿ ದೋಣಿ. ನಾನು ಸೇರಿದ್ದು ಅಲ್ಲಿಯ ಒಂದು ಅನಾಥಾಲಯವನ್ನು. ಹೆತ್ತವರು ಬಿಟ್ಟುಹೋದ ಹೆಣ್ಣುಮಕ್ಕಳನ್ನು ಸಾಕಿ, ಸ್ವರಜ್ಞಾನ ಇದ್ದವರಿಗೆ ಸಂಗೀತ ಕಲಿಸುವ ಮನೆ ಅದು. ಹಬ್ಬದ ದಿನಗಳಲ್ಲಿ ಅವರು ಪಕ್ಕದ ಚರ್ಚಿನ ಅಟ್ಟದ ಮೇಲೆ ನಿಂತು ನುಡಿಸುತ್ತಿದ್ದರು. ಅಟ್ಟದ ಮುಂದೆ ಒತ್ತಾಗಿ ಹೆಣೆದ ಕಬ್ಬಿಣದ ಜಾಲರಿ. ಕೆಳಗೆ ಕೂತವರಿಗೆ ಸಂಗೀತ ಕೇಳಿಸುತ್ತಿತ್ತು, ನುಡಿಸುವವರ ಮುಖ ಕಾಣುತ್ತಿರಲಿಲ್ಲ. ಮೇಲಿನವರಿಗೆ ಮಾತ್ರ ಕೆಳಗಿನದೆಲ್ಲ ಕಾಣುತ್ತಿತ್ತು.

ಅಲ್ಲಿ ಯಾರಿಗೂ ಮನೆತನದ ಹೆಸರಿರಲಿಲ್ಲ. ಪಿಟೀಲಿನ ಓರ್ಸೆತ್ತಾ, ಕೊಳಲಿನ ಲುಚೀಯಾ, ಹೀಗೆ ವಾದ್ಯದ ಹೆಸರೇ ಮನೆತನ. ನನ್ನನ್ನು ಕೊಟ್ಟದ್ದು ಓರ್ಸೆತ್ತಾಳಿಗೆ. ಆಗ ಅವಳಿಗೆ ಹದಿನಾರು. ಕೈ ಚೊಕ್ಕ, ಶ್ರುತಿ ಶುದ್ಧ, ತಪ್ಪು ಮಾಡುವವಳೇ ಅಲ್ಲ. ಸಂಗೀತದ ಮೇಷ್ಟ್ರು ಏನು ಬರೆದುಕೊಟ್ಟರೋ ಅದನ್ನು ಒಂದು ಕೂದಲೆಳೆ ಅತ್ತಿತ್ತ ಆಗದಂತೆ ನುಡಿಸುತ್ತಿದ್ದಳು.

ಅವಳ ಪಕ್ಕದಲ್ಲಿ ನಿಂತು ಎರಡನೆಯ ಪಿಟೀಲು ನುಡಿಸುತ್ತಿದ್ದವಳು ಪೆರೀನಾ. ಒಂದು ವರ್ಷಕ್ಕೆ ದೊಡ್ಡವಳು. ಎಳೆತನದಲ್ಲೇ ಸಿಡುಬು ಬಂದು ಮುಖದ ತುಂಬ ಕಲೆ ಉಳಿದಿತ್ತು. ಊಟದ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿಯೇ ಕೂರುತ್ತಿದ್ದಳು. ಅವಳ ಪಿಟೀಲು ಹಳೆಯದು, ತಂತಿ ಬಿಗಿಯುವ ಬಿರಡೆ ಜಾರುತ್ತಿತ್ತು, ಮಂದ್ರ ತಂತಿ ಗೊರಗೊರ ಅನ್ನುತ್ತಿತ್ತು. ಓರ್ಸೆತ್ತಾ ನನ್ನನ್ನು ಪೆಟ್ಟಿಗೆಯಲ್ಲಿಡುವಾಗ ಪೆರೀನಾ ಸುಮ್ಮನೆ ನೋಡುತ್ತ ನಿಲ್ಲುವಳು. ಕೊಡು ಎಂದು ಒಮ್ಮೆಯೂ ಕೇಳಿದವಳಲ್ಲ.

ನಾನು ಅಲ್ಲಿಗೆ ಬಂದ ಆರನೆಯ ವರ್ಷ, ಮಾತೆ ಮೇರಿಯ ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಓರ್ಸೆತ್ತಾಳ ಎಡಗೈ ಬೆರಳಿಗೆ ಉಗುರುಸುತ್ತು ಆಯಿತು. ಬೆರಳು ತಂತಿಗೆ ಸೋಕಿದರೆ ಜೀವ ಹೋಗುವಂಥ ನೋವು. ಮೇಷ್ಟ್ರು ಊರಲ್ಲಿರಲಿಲ್ಲ. ಓರ್ಸೆತ್ತಾ ತಾನೇ ನನ್ನನ್ನು ಪೆರೀನಾಳ ಕೈಗಿಟ್ಟು, "ನೀನೇ ನುಡಿಸು. ಯಾರು ಅಂತ ಕೆಳಗಿನವರಿಗೆ ಹೇಗೂ ಕಾಣಲ್ಲ" ಅಂದಳು.

ಆ ದಿನದ ಕೃತಿಯ ನಡುವೆ ಒಂದು ವಿಳಂಬದ ಭಾಗವಿತ್ತು. ಅಲ್ಲಿ ಮೇಷ್ಟ್ರು ಬರೆದದ್ದು ಬರೀ ಆರು ಸ್ವರ. ಸ್ವರಗಳ ನಡುವಿನದನ್ನು ನುಡಿಸುವವರೇ ಕಲ್ಪಿಸಿಕೊಂಡು ತುಂಬಬೇಕು, ನಮ್ಮ ಕಾಲದ ಪದ್ಧತಿ ಅದು. ಓರ್ಸೆತ್ತಾ ಅಲ್ಲಿ ಯಾವಾಗಲೂ ಒಂದೇ ತರಹದ ನಾಲ್ಕು ಅಲಂಕಾರ ಹಾಕಿ ಮುಗಿಸುತ್ತಿದ್ದಳು. ಪೆರೀನಾ ಹಾಗೆ ಮಾಡಲಿಲ್ಲ. ಮೊದಲ ಸ್ವರವನ್ನು ಹಿಡಿದು ನಿಂತಳು. ಕಮಾನನ್ನು ನಿಧಾನಕ್ಕೆ ಎಳೆದಳು. ಆಮೇಲೆ ಮೇಲೇರಿದಳು, ಇಳಿದಳು, ಮತ್ತೆ ಏರಿದಳು. ಮೂರನೆಯ ಸಲ ಏರುವಾಗ ಅರ್ಧ ದಾರಿಯಲ್ಲಿ ನಿಂತೇಬಿಟ್ಟಳು. ಚರ್ಚಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಕಳೆದ ಮೇಲೆ ಮೆಲ್ಲಗೆ ಕೆಳಗಿಳಿದು ಮುಗಿಸಿದಳು. ನುಡಿಸುವವರ ಮನಸ್ಸು ಬಾಯಿಗಿಂತ ಮೊದಲು ಬೆರಳಿಗೆ ಬರುತ್ತದೆ, ಆ ಬೆರಳು ಇರುವುದು ನನ್ನ ಮೇಲೆ. ಹಾಗಾಗಿ ಹೇಳಬಲ್ಲೆ: ಹುಟ್ಟಿದಾಗಿನಿಂದ ಯಾರೊಡನೆಯೂ ಆಡದೆ ಇಟ್ಟುಕೊಂಡಿದ್ದನ್ನೆಲ್ಲ ಅವಳು ಅವತ್ತು ಆಡಿದಳು.

ಇಪ್ಪತ್ತು ದಿನ ಕಳೆದಿತ್ತು. ಮೇಲ್ವಿಚಾರಕಿ ದೋನ್ನಾ ಮದ್ದಲೇನಾ ಅಭ್ಯಾಸದ ಕೋಣೆಗೆ ಬಂದು ಓರ್ಸೆತ್ತಾಳನ್ನು ಕರೆದಳು. ಹಬ್ಬದ ದಿನ ನಾನು ಕೈ ಬದಲಾದದ್ದು ಅವಳಿಗೆ ಗೊತ್ತಿರಲಿಲ್ಲ. ಹಡಗಿನ ಹಗ್ಗ ಹೊಸೆಸುವ ಬೋರ್ತೊಲೊ ಎಂಬ ವ್ಯಾಪಾರಿ ಮದುವೆಯ ಮಾತು ತಂದಿದ್ದ. ಮೂವತ್ತೈದು ವರ್ಷದವನು, ಒಳ್ಳೆಯ ಹೆಸರಿನವನು.

"ಹಬ್ಬದ ದಿನ ಮೊದಲ ಪಿಟೀಲು ನುಡಿಸಿದವಳು ಯಾರು, ಅವಳನ್ನು ಕೊಡಿ ಅಂತ ಕೇಳಿದ್ದಾರೆ" ಎಂದಳು ದೋನ್ನಾ ಮದ್ದಲೇನಾ. "ನಿನ್ನ ಹೆಸರು ಹೇಳಿದ್ದೇನೆ. ಹೊರಗೆ ಹೋದರೆ ಚರ್ಚಿನಲ್ಲಾಗಲಿ ಸಭೆಯಲ್ಲಾಗಲಿ ಇನ್ನು ನುಡಿಸೋದಿಲ್ಲ ಅಂತ ಬರೆದುಕೊಡಬೇಕು. ನಿಯಮ ನಿನಗೆ ಗೊತ್ತೇ ಇದೆಯಲ್ಲ. ಯೋಚನೆ ಮಾಡಿ ಹೇಳು."

ಅವಳು ಹೋದ ಮೇಲೆ ಕೋಣೆಯಲ್ಲಿ ಉಳಿದವರು ಇಬ್ಬರೇ. ಜೊತೆಗೆ ನಾನು.

"ಅವತ್ತು ನುಡಿಸಿದ್ದು ನೀನು ಅಂತ ಹೇಳಿಬಿಡ್ಲೇನೇ?" ಎಂದಳು ಓರ್ಸೆತ್ತಾ.

ಪೆರೀನಾ ತನ್ನ ಹಳೆಯ ಪಿಟೀಲಿನ ಬಿರಡೆ ತಿರುಗಿಸುತ್ತಿದ್ದಳು. "ಹೇಳು. ಆ ಮನುಷ್ಯ ಬರ್ತಾನೆ, ನನ್ನ ಮುಖ ನೋಡ್ತಾನೆ. ಆಮೇಲೆ?"

ಓರ್ಸೆತ್ತಾ ಕಿಟಕಿಯ ಕಡೆ ತಿರುಗಿದಳು.

"ನಿನಗೆ ಹೋಗೋ ಆಸೆ ಇದೆಯಾ?"

"ಇದೆ ಕಣೇ. ನನ್ನದೇ ಅಂತ ಒಂದು ಬಾಗಿಲು ಬೇಕು. ನಾನೇ ತೆಗೀಬೇಕು, ನಾನೇ ಹಾಕ್ಬೇಕು."

"ಹಾಗಾದ್ರೆ ಹೋಗು" ಎಂದಳು ಪೆರೀನಾ. ತನ್ನ ಪಿಟೀಲನ್ನು ಕೆಳಗಿಟ್ಟು, "ಅದನ್ನ ನನಗೆ ಬಿಟ್ಟು ಹೋಗು" ಎಂದು ನನ್ನ ಕಡೆ ಕೈ ತೋರಿಸಿದಳು.

ಹೀಗೆ ಒಬ್ಬಳಿಗೆ ಗಂಡ ಸಿಕ್ಕ, ಇನ್ನೊಬ್ಬಳಿಗೆ ನಾನು ಸಿಕ್ಕೆ. ಇದರಲ್ಲಿ ಮೋಸ ಹೋದವನು ಬೋರ್ತೊಲೊ ಒಬ್ಬನೇ ಎಂದು ಇಬ್ಬರೂ ತಿಳಿದರು.

ಪೆರೀನಾ ಮೊದಲ ಪಿಟೀಲಾದಳು. ನನ್ನ ಜೀವನದ ಒಳ್ಳೆಯ ವರ್ಷಗಳು ಅವು. ಆದರೆ ಆ ಹಬ್ಬ ವರ್ಷವರ್ಷವೂ ಬರುತ್ತಿತ್ತು. ಬೋರ್ತೊಲೊ ಹೆಂಡತಿಯನ್ನು ಕರೆದುಕೊಂಡು ಬಂದು ನಾಲ್ಕನೆಯ ಬೆಂಚಿನಲ್ಲಿ ಕೂರುತ್ತಿದ್ದ. ಅದೇ ಕೃತಿ, ಅದೇ ಆರು ಸ್ವರ. ಅವನು ತಲೆ ತಗ್ಗಿಸಿ ಕೇಳುವನು. ಓರ್ಸೆತ್ತಾ ಶಾಲಿನ ಅಂಚು ಹಿಚುಕುತ್ತ ಕೂರುವಳು. ಮೇಲೆ ಪೆರೀನಾ ಜಾಲರಿಯ ಸಂದಿನಿಂದ ಇಬ್ಬರನ್ನೂ ನೋಡುತ್ತ ನುಡಿಸುವಳು. ಮೊದಮೊದಲು ಅವಳ ಕೈಯಲ್ಲಿ ಹೆಮ್ಮೆ ಇತ್ತು. ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯದ ಸಿಟ್ಟು. ಹೋಗು ಎಂದವಳು ತಾನೇ. ಒಂದು ವರ್ಷ ಹಟ ಹಿಡಿದು ಬರೀ ಆರು ಸ್ವರ ನುಡಿಸಿ ಬಿಟ್ಟಳು, ಒಂದು ಗಮಕವೂ ಇಲ್ಲದೆ. ಆಗ ಬೋರ್ತೊಲೊ ತಲೆಯೆತ್ತಿ ನೇರ ಜಾಲರಿಯ ಕಡೆ ನೋಡಿದ. ಪೆರೀನಾ ಜಾಲರಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಮುಂದಿನ ವರ್ಷ ಮತ್ತೆ ತುಂಬಿ ನುಡಿಸಿದಳು.

ಹೀಗೆ ಇಪ್ಪತ್ತೊಂದು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಓರ್ಸೆತ್ತಾ ಅನಾಥಾಲಯದ ಮಾತಿನ ಕೋಣೆಗೆ ಬಂದಳು. ಅಲ್ಲಿಯೂ ಹೊರಗಿನವರಿಗೂ ಒಳಗಿನವರಿಗೂ ನಡುವೆ ಕಂಬಿ. ಅಭ್ಯಾಸದಿಂದ ಎದ್ದು ಬಂದ ಪೆರೀನಾಳ ಕೈಯಲ್ಲಿ ನಾನಿದ್ದೆ.

"ಅವರಿಗೆ ಎದೆನೋವು. ವೈದ್ಯರು ಕೈಬಿಟ್ಟಿದ್ದಾರೆ" ಎಂದಳು ಓರ್ಸೆತ್ತಾ. "ಅನಾಥಾಲಯದ ಮೊದಲ ಪಿಟೀಲಿನವರನ್ನು ಕರೆಸು, ಆ ನಿಧಾನದ್ದನ್ನು ಒಂದು ಸಲ ಹತ್ತಿರದಿಂದ ಕೇಳ್ಬೇಕು ಅಂತಾರೆ. ನನ್ನನ್ನ ಕೇಳಲಿಲ್ಲ ಕಣೇ ಪೆರೀನಾ. ಮನೆಯಲ್ಲೇ ಇದ್ದೀನಿ, ನನ್ನನ್ನ ಯಾಕೆ ಕೇಳಲಿಲ್ಲ?"

"ನಾನು ಬರೋದಿಲ್ಲ."

"ಮುಸುಕು ಹಾಕ್ಕೊಂಡು ಬಾ. ಪಕ್ಕದ ಕೋಣೆಯಲ್ಲೇ ನಿಂತು ನುಡಿಸು."

"ಇಪ್ಪತ್ತೊಂದು ವರ್ಷ ಅವರ ಜೊತೆ ಬದುಕಿದವಳು ನೀನು. ನನಗೂ ಅವರಿಗೂ ಏನು?"

ಓರ್ಸೆತ್ತಾ ಕಂಬಿ ಹಿಡಿದುಕೊಂಡಳು. "ಒಂದು ದಿನವೂ ನೆಮ್ಮದಿಯಾಗಿ ಬದುಕಲಿಲ್ಲ ನಾನು. ಅವರು ಸಾಯೋದರೊಳಗೆ ಹೇಳ್ಬೇಕು. ನೀನು ಬರದಿದ್ದರೆ ಹೇಳೋ ಧೈರ್ಯ ಬರಲ್ಲ."

ಅನುಮತಿ ಸಿಕ್ಕಿತು. ಮರುದಿನ ಬೆಳಿಗ್ಗೆ ಪೆರೀನಾ ದಪ್ಪ ಮುಸುಕು ಹಾಕಿಕೊಂಡು, ನನ್ನನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಕೂತಳು. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದಳು.

ಪಕ್ಕದ ಕೋಣೆ, ತೆರೆದ ಬಾಗಿಲು. ರೋಗಿಗೆ ಅವಳು ಕಾಣುವಂತಿರಲಿಲ್ಲ. ಪೆರೀನಾ ಶ್ರುತಿ ಸೇರಿಸಿದಳು, ನುಡಿಸಿದಳು. ಏರಿದಳು, ಇಳಿದಳು. ನಲವತ್ತು ದಾಟಿದ ಬೆರಳುಗಳು ಅವು. ಈ ಸಲ ಎಲ್ಲೂ ನಿಲ್ಲಲಿಲ್ಲ.

ಮುಗಿದ ಮೇಲೆ ಆ ಕಡೆಯಿಂದ ಓರ್ಸೆತ್ತಾ ಅಳುವುದು ಕೇಳಿಸಿತು. "ಅವತ್ತು ನುಡಿಸಿದ್ದು ನಾನಲ್ಲ. ಇವಳು. ನಿಮಗೆ ಸುಳ್ಳು ಹೇಳಿದೆ, ಇಷ್ಟು ವರ್ಷವೂ ಸುಳ್ಳು ಹೇಳಿದೆ."

"ಗೊತ್ತು" ಎಂದ ಬೋರ್ತೊಲೊ.

"ಏನು ಗೊತ್ತು?"

"ಮದುವೆಯಾದ ವರ್ಷದ ಹಬ್ಬಕ್ಕೇ ಗೊತ್ತಾಯಿತು. ನೀನು ನನ್ನ ಪಕ್ಕದಲ್ಲಿದ್ದೆ. ಮೇಲೆ ಅದೇ ಕೈ ನುಡಿಸುತ್ತಿತ್ತು. ನಾನು ಹಗ್ಗದವನೇ ಇರಬಹುದು, ಕಿವಿ ಇಲ್ಲವೇ?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಎದ್ದು ಹೋಗುತ್ತಿದ್ದೆ. ಆ ಹೊತ್ತಿಗೆ ನನಗೆ ನೀನು ಬೇಕಾಗಿದ್ದೆ."

ಆಮೇಲೆ ಅವನು ಸ್ವಲ್ಪ ದನಿಯೆತ್ತಿ ಈ ಕಡೆಗೆ ಕೇಳಿದ: "ಅಮ್ಮಾ, ಒಂದು ಕೇಳಲೇ? ಆ ಮೊದಲ ದಿನ ಮೇಲೇರುತ್ತಾ ಅರ್ಧಕ್ಕೆ ನಿಂತಿರಿ. ಆಮೇಲೆ ಒಂದು ವರ್ಷವೂ ಅಲ್ಲಿ ನಿಲ್ಲಲಿಲ್ಲ. ಅವತ್ತು ಯಾಕೆ ನಿಂತಿರಿ?"

ಪೆರೀನಾ ಬಾಗಿಲವರೆಗೆ ಹೋದಳು. "ಮುಂದೆ ಏನು ನುಡಿಸಬೇಕೋ ತೋಚಲಿಲ್ಲ. ತಪ್ಪಾಗಿತ್ತು."

ಬೋರ್ತೊಲೊ ನಗಲು ಹೋಗಿ ಕೆಮ್ಮಿದ. "ನಾನು ಬಿದ್ದದ್ದು ಅದಕ್ಕೇ ನೋಡಿ. ಎಷ್ಟು ಧೈರ್ಯ ಈ ಹೆಣ್ಣಿಗೆ, ಇಷ್ಟು ಜನರನ್ನು ಉಸಿರು ಹಿಡಿಸಿ ನಿಲ್ಲಿಸಿದ್ದಾಳಲ್ಲ ಅಂದುಕೊಂಡೆ."

ಪೆರೀನಾಳೂ ನಕ್ಕಳು. ಅವಳು ಗಟ್ಟಿಯಾಗಿ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಗುತ್ತ ಮುಸುಕು ತೆಗೆದು ಕಣ್ಣೊರೆಸಿಕೊಂಡಳು. ಮತ್ತೆ ಹಾಕಿಕೊಳ್ಳಲಿಲ್ಲ. ಅವನು ಅವಳ ಮುಖ ನೋಡಿದ, ಹೆಂಡತಿಯ ಕಡೆ ತಿರುಗಿ, "ಇವರಿಗೆ ಕುಡಿಯೋಕೆ ಏನಾದರೂ ಕೊಡು" ಎಂದ. ಅಷ್ಟೇ.

ಒಂಬತ್ತು ದಿನಕ್ಕೆ ಅವನು ತೀರಿಕೊಂಡ. ಓರ್ಸೆತ್ತಾ ಆಮೇಲೆ ವಾರಕ್ಕೊಮ್ಮೆ ಮಾತಿನ ಕೋಣೆಗೆ ಬರತೊಡಗಿದಳು. ಕಂಬಿಯ ಆಚೆ ಅವಳು, ಈಚೆ ಇವಳು, ಗಂಟೆಗಟ್ಟಲೆ ಹರಟೆ.

"ಅದನ್ನ ಬರೆದಿಡು" ಎಂದು ಓರ್ಸೆತ್ತಾ ಎಷ್ಟೋ ಸಲ ಹೇಳಿದಳು.

"ಬರೆದರೆ ಮೇಷ್ಟ್ರ ಕೃತಿಯ ಒಳಗೆ ಸೇರುತ್ತೆ, ಮೇಷ್ಟ್ರದ್ದಾಗುತ್ತೆ" ಎನ್ನುವಳು ಪೆರೀನಾ. "ಬೇಡ. ಕೇಳಬೇಕಾದವರು ಕೇಳಿದರು."

ಬರೆಯಲಿಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ, ಹಬ್ಬಕ್ಕೆ ಹನ್ನೊಂದು ದಿನ ಇರುವಾಗ, ಜ್ವರ ಬಂದು ಹೋದಳು. ಅನಾಥಾಲಯದ ದಫ್ತರದಲ್ಲಿ 'ಪೆರೀನಾ, ಪಿಟೀಲು' ಎಂದು ಒಂದು ಸಾಲು ಬರೆದರು.

ನನ್ನ ಉಳಿದ ಕಥೆ ದೊಡ್ಡದೇನಲ್ಲ. ಇನ್ನೂ ಮೂವರು ಹುಡುಗಿಯರು ನನ್ನನ್ನು ನುಡಿಸಿದರು. ಹೊರದೇಶದ ಸೈನ್ಯ ಬಂದು ಊರು ಅವರ ಕೈಗೆ ಹೋದ ಮೇಲೆ ಸಂಗೀತ ನಿಂತಿತು. ನಾನು ಒಂದು ನಾಟಕಶಾಲೆಗೆ ಹೋದೆ, ಅಲ್ಲಿಂದ ಒಬ್ಬ ಕಾಫಿ ಅಂಗಡಿಯ ವಾದಕನ ಬಳಿಗೆ. ಹೊಸ ಕಾಲಕ್ಕೆ ಗಟ್ಟಿ ದನಿ ಬೇಕೆಂದು ನನ್ನ ಹಳೆಯ ಕುತ್ತಿಗೆ ಕೊಯ್ದು ಉದ್ದದ್ದನ್ನು ಕೂರಿಸಿದರು. ಪೆರೀನಾಳ ಹೆಬ್ಬೆರಳು ತಿಕ್ಕಿ ನುಣುಪು ಮಾಡಿದ್ದ ಮರ ಒಲೆಗೆ ಹೋಯಿತು. ಆಮೇಲೆ ಹೊಟ್ಟೆಯ ಹಲಗೆ ಬಿರಿಯಿತು.

ಈಗ ಒಂದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಸೆಕೆ ಇಲ್ಲ, ಧೂಳಿಲ್ಲ, ಯಾರೂ ಮುಟ್ಟುವುದಿಲ್ಲ. ಮುಂದೆ ಇಟ್ಟ ಚೀಟಿಯಲ್ಲಿ ತೋನಿಯೊನ ಹೆಸರಿದೆ, ಇಸವಿ ಇದೆ. ಬರುವವರು ಓದಿ ಮುಂದೆ ಹೋಗುತ್ತಾರೆ. ಮೊನ್ನೆ ಒಬ್ಬಾಕೆ ಗಾಜಿಗೆ ಕಿವಿ ಹಚ್ಚುವಷ್ಟು ಬಾಗಿ, ಹಳೆಯ ವಾದ್ಯಗಳ ಒಳಗೆ ಆ ಕಾಲದ ಸಂಗೀತ ಇನ್ನೂ ಉಳಿದಿರುತ್ತದಂತೆ ಎಂದು ಜೊತೆಯವರಿಗೆ ಹೇಳಿದಳು. ಕೇಳಲು ಚಂದದ ಮಾತು. ಆದರೆ ನಿಜವಲ್ಲ. ಮರದಲ್ಲಿ ಸಂಗೀತ ಉಳಿಯುವುದಿಲ್ಲ, ನುಡಿಸಿದ ಕೂಡಲೇ ಹೋಗಿಬಿಡುತ್ತದೆ. ಉಳಿಯುವಂತಿದ್ದರೆ ನಾನು ಇಷ್ಟೆಲ್ಲ ಮಾತಾಡುತ್ತಿರಲಿಲ್ಲ. ಆ ನಿಧಾನದ್ದನ್ನೇ ಕೇಳಿಸುತ್ತಿದ್ದೆ.