ಹಿಮ್ಮುಖ ಸೀಟು

ಬರ್ನಡೆಟ್ ವೊಯ್ನಾರ್‌ಳ ಸ್ಟೇಷನ್ ವ್ಯಾಗನ್ ಪಿಟ್ಸ್‌ಬರ್ಗಿನ ಆ ಗುಡ್ಡದ ಬೀದಿಯಲ್ಲಿ ಎರಡು ಕಾರಿನ ಜಾಗ ನುಂಗುತ್ತಿತ್ತು. ಎಂಬತ್ತರ ದಶಕದ ಉದ್ದನೆಯ ಗಾಡಿ, ಪಕ್ಕಕ್ಕೆ ಮರದ ಹಲಗೆಯಂತೆ ಕಾಣುವ ಪ್ಲಾಸ್ಟಿಕ್ ಹಾಳೆ. ನೆರೆಯವರು ಮೂಗು ಮುರಿದರೆ, ಅವಳು ಅವರ ಮೂಗಿನ ಮುಂದೆಯೇ ಅದನ್ನು ಹಿಂದೆ ಮುಂದೆ ಆಡಿಸಿ ನಿಲ್ಲಿಸುತ್ತಿದ್ದಳು. ಹಳೆಯ ಕಾರು ಸಾಕಿದವರು ಚಳಿಗಾಲ ಬಂತೆಂದರೆ ಅದಕ್ಕೆ ಹೊದಿಕೆ ಹೊದಿಸಿ ಗ್ಯಾರೇಜಿನಲ್ಲಿ ಮಲಗಿಸುವುದು ಆ ಊರಿನ ರೂಢಿ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಕಬ್ಬಿಣವನ್ನು ತಿಂದುಹಾಕುತ್ತದೆ. ಬರ್ನಡೆಟ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ ದಿನಾ ಕೆಲಸಕ್ಕೆ ಅದರಲ್ಲೇ ಹೋಗುತ್ತಿದ್ದಳು.

ಮಾರ್ಚ್ ತಿಂಗಳ ವಾರ್ಷಿಕ ತಪಾಸಣೆಯಲ್ಲಿ ಉಪ್ಪು ತನ್ನ ಕೆಲಸ ತೋರಿಸಿತು. ಮೆಕ್ಯಾನಿಕ್ ಮಿಲನ್ ದುದಾಶ್ ಚಾಲಕನ ಕಾಲಡಿಯ ರಬ್ಬರ್ ಹಾಸನ್ನು ಎತ್ತಿದ. ಗ್ಯಾರೇಜಿನ ನೆಲ ಕಾಣಿಸಿತು.

"ಬರ್ನಿ, ಇದೇನು ಕಾರೋ ಜರಡಿಯೋ?"

"ಗಾಳಿ ಬರ್ಲಿ ಅಂತ ಬಿಟ್ಟಿದೀನಿ."

"ಗಾಳಿ ಅಲ್ಲ ತಾಯಿ, ಹೊಗೆ ಬರುತ್ತೆ. ಹೊಗೆ ಕುಡಿದು ಸಾಯ್ತೀಯ. ಇದಕ್ಕೆ ನಾನು ಸ್ಟಿಕ್ಕರ್ ಹಾಕಲ್ಲ."

ಗಾಜಿನ ಮೇಲೆ ಆ ಸ್ಟಿಕ್ಕರ್ ಇಲ್ಲದಿದ್ದರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಈ ಗಾಡಿಯ ನೆಲದ ತಗಡು ಈಗ ಯಾರೂ ಮಾಡುವುದೂ ಇಲ್ಲ.

ಸುದ್ದಿ ಕೇಳಿ ಅವಳ ಅಣ್ಣ ಕ್ಯಾಸಿಮಿರ್ ಸಂಜೆಗೇ ಗ್ಯಾರೇಜಿಗೆ ಬಂದ. ಅವನು ಹಳೆ ಕಾರುಗಳ ಸಂಘದವನು. ಅವನದೂ ಒಂದು ಕೆಂಪು ಕಾರಿದೆ. ಅದು ಮಳೆ ಮೋಡ ಕಂಡರೂ ಹೊರಗೆ ಬರುವುದಿಲ್ಲ.

"ಇದಕ್ಕೆ ಆಂಟಿಕ್ ನಂಬರ್ ಪ್ಲೇಟ್ ಮಾಡಿಸಿಬಿಡೆ. ತಪಾಸಣೆ ತಂಟೆನೇ ಇಲ್ಲ. ನನ್ನ ಗ್ಯಾರೇಜಲ್ಲಿ ನಿಲ್ಲಿಸ್ತೀನಿ. ಮೆರವಣಿಗೆಗೆ ತಗೊಂಡೋಗು, ವಾರಕ್ಕೊಂದಿನ ಒಂದು ಸುತ್ತು ಹಾಕು, ಆ ಪ್ಲೇಟಿಗೆ ಅಷ್ಟಕ್ಕೇ ಕಾನೂನು ಬಿಡೋದು."

"ಉಳಿದ ಆರು ದಿನ?"

"ಬೇರೆ ಕಾರು ತಗೊ. ಎಂಥಾ ಗಾಡಿ ಕಣೇ ಇದು! ಅಪ್ಪನ ನೆನಪು!"

"ಅಪ್ಪ ಹೋದಾಗ ಇದನ್ನ ಗುಜರಿಗೆ ಹಾಕು ಅಂದೋನು ಯಾರಪ್ಪ? ಸತ್ತ ಎಮ್ಮೆಗೆ ಹತ್ತು ಸೇರು ಹಾಲು! ಇದಿನ್ನೂ ಸತ್ತಿಲ್ಲ ಕಣೋ, ಕ್ಯಾಜ್."

ಮಿಲನ್ ತಲೆ ತಗ್ಗಿಸಿ ನಟ್ಟು ಬಿಗಿಯುವವನಂತೆ ನಟಿಸಿದ.

ಬರ್ನಡೆಟ್‌ಳದು ಹಳೆಯ ಸಿಟ್ಟು. ಐದು ಮಕ್ಕಳಲ್ಲಿ ಅವಳು ಕೊನೆಯವಳು. ಇದೇ ಗಾಡಿಯಲ್ಲಿ ಕ್ಯಾಜ್ ಮುಂದೆ ಅಪ್ಪನ ಪಕ್ಕ ಕೂರುತ್ತಿದ್ದ, ಮೂವರು ಅಕ್ಕಂದಿರು ನಡುವಿನ ಸೀಟಿನಲ್ಲಿ. ಅವಳಿಗೆ ಡಿಕ್ಕಿಯಲ್ಲಿ ಹಿಂದಕ್ಕೆ ಮುಖ ಮಾಡಿದ ಪುಟ್ಟ ಸೀಟು. ಕೆರೆ, ಜಾತ್ರೆ, ಸೇತುವೆ, ಎಲ್ಲವೂ ಅವಳಿಗೆ ಕಾಣುತ್ತಿದ್ದುದು ದಾಟಿದ ಮೇಲೆ. "ಎಲ್ಲಿಗ್ ಬಂದ್ವಿ?" ಎಂದು ಕೂಗಿದರೆ ಮುಂದಿನಿಂದ ಕ್ಯಾಜ್ ಕೂಗುತ್ತಿದ್ದ: "ದಾಟಿದ್ಮೇಲೆ ಕಾಣುತ್ತೆ, ಬಾಯ್ಮುಚ್ಕೊಂಡು ಕೂತ್ಕೊ!" ಯಾರಿಗೂ ಬೇಡವಾದ ಗಾಡಿಯ ಸ್ಟೇರಿಂಗ್ ಕೊನೆಗೆ ಅವಳ ಕೈಗೆ ಬಂದಿತ್ತು. ಈಗ ಇದನ್ನು ಹೊದಿಕೆಯಡಿ ಮಲಗಿಸಿದರೆ ತಾನು ಮತ್ತೆ ಆ ಸೀಟಿಗೇ ಹೋದಂತೆ ಎಂದು ಅವಳಿಗೆ ಅನಿಸಿತು.

"ಇದು ಆಂಟಿಕ್ ಅಲ್ಲ, ನನ್ನ ಕಾರು," ಎಂದಳು. "ಮಿಲನ್, ನಿಂಗೆ ತಗಡು ತಾನೇ ಬೇಕು? ನಾಳೆ ತರ್ತೀನಿ."

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ, ಮಾಂಸ ಮುಟ್ಟದ ಶುಕ್ರವಾರಗಳಂದು ಅವರ ಚರ್ಚಿನ ನೆಲಮಾಳಿಗೆಯಲ್ಲಿ ಮೀನಿನ ಊಟ. ಹೆಂಗಸರು ಯಾರಾದರೊಬ್ಬರ ಮನೆಯಲ್ಲಿ ಸೇರಿ ಪಿರೋಗಿ ಎಂಬ ಆಲೂಗಡ್ಡೆ ತುಂಬಿದ ಕಡುಬು ಕಟ್ಟುತ್ತಾರೆ. ಬರ್ನಡೆಟ್ ಅದನ್ನೆಲ್ಲ ವ್ಯಾಗನ್ನಿನಲ್ಲಿ ಸಾಗಿಸುತ್ತಾಳೆ. ಚರ್ಚಿನ ಅಡುಗೆಮನೆಯ ಮೂಲೆಯಲ್ಲಿ ತಳ ಸುಟ್ಟು ಮೂಲೆಗುಂಪಾಗಿದ್ದ ಕಬ್ಬಿಣದ ಟ್ರೇಗಳಿದ್ದವು. ಪಾದ್ರಿಗಳನ್ನು ಕೇಳಿ ಎರಡನ್ನು ಹೊತ್ತು ತಂದಳು.

ಮಿಲನ್ ಆಯಸ್ಕಾಂತ ಹಚ್ಚಿ ನೋಡಿದ, ಬಗ್ಗಿಸಿ ನೋಡಿದ. "ಗಾಡಿಯ ತಗಡಿಗಿಂತ ದಪ್ಪ ಇದೆ ಇದು. ನಿಮ್ಮಮ್ಮನ ಕಾಲದ್ದಿರ್ಬೇಕು."

ತುಕ್ಕನ್ನೆಲ್ಲ ಕತ್ತರಿಸಿ ಟ್ರೇ ಕೂರಿಸಿ ಸುತ್ತಲೂ ಬೆಸುಗೆ ಹಾಕಿದ. ಬೆಂಕಿ ತಾಗಿದಾಗ ಹಳೆಯ ಜಿಡ್ಡು ಕರಗಿ ಗ್ಯಾರೇಜಿಡೀ ಬೆಣ್ಣೆ-ಈರುಳ್ಳಿಯ ವಾಸನೆ ಹರಡಿತು. ಆಮೇಲೆ ಅವನು ಮತ್ತೆ ಮೊದಲಿನಿಂದ ತಪಾಸಣೆ ಮಾಡಿದ. ದಾಕ್ಷಿಣ್ಯಕ್ಕೆ ಬೀಳುವ ಜನ ಅಲ್ಲ ಅವನು. ಸ್ಟಿಕ್ಕರ್ ಅಂಟಿಸಿದ.

ಶುಕ್ರವಾರ ಹಿಮ ಬಿತ್ತು. ರಸ್ತೆಯ ತುಂಬ ಉಪ್ಪು. ಚರ್ಚಿನಲ್ಲಿ ಮೀನು ಕರಿಯುವುದು ಪ್ರತಿ ವರ್ಷವೂ ಕ್ಯಾಜ್‌ನ ಕೆಲಸ. ದಿನಬಳಕೆಯ ಕಾರನ್ನು ಅವನ ಹೆಂಡತಿ ಒಯ್ದಿದ್ದಳು. ಕೆಂಪು ಕಾರಿಗೆ ಉಪ್ಪು ಆಗದು. ಅವನು ಫೋನ್ ಮಾಡಿದ. ಬರ್ನಡೆಟ್ ಅವನ ಮನೆ ಮುಂದೆ ನಿಲ್ಲಿಸಿದಳು.

ಮುಂದಿನ ಸೀಟಿನಲ್ಲಿ ಕೋಸಿನ ಸೂಪಿನ ದೊಡ್ಡ ಹಂಡೆ ಬೆಲ್ಟ್ ಕಟ್ಟಿಕೊಂಡು ಕೂತಿತ್ತು. ನಡುವಿನ ಸೀಟು ಮಡಚಿ ಪಿರೋಗಿ ಟ್ರೇಗಳನ್ನು ಪೇರಿಸಿದ್ದಳು.

"ನಾನೆಲ್ಲಿ ಕೂರ್ಲಿ?"

ಅವಳು ಇಳಿದುಹೋಗಿ ಹಿಂದಿನ ಬಾಗಿಲು ತೆರೆದಳು. ಪುಟ್ಟ ಸೀಟನ್ನು ಎತ್ತಿ ನಿಲ್ಲಿಸಿದಳು.

"ಹುಚ್ಚು ಗಿಚ್ಚು ಹಿಡಿದಿದ್ಯಾ? ನಂಗೆ ಐವತ್ತಾರು ಕಣೇ! ಹಂಡೆ ಹಿಂದಿಡು."

"ಹಂಡೆ ಉರುಳಿದ್ರೆ ಸೂಪ್ ಹೋಗುತ್ತೆ. ನೀನು ಉರುಳಿದ್ರೆ ಎದ್ದು ಕೂರ್ತೀಯ. ಹತ್ತು, ಇಲ್ಲಾ ನಡಿ."

ಅವನು ಶಪಿಸುತ್ತ ಹತ್ತಿದ. ಮೊಣಕಾಲು ಗಲ್ಲಕ್ಕೆ ತಾಗಿತು. ಬೆಲ್ಟ್ ಹಾಕಿಕೊಂಡ. ಅವಳು ಬಾಗಿಲು ಮುಚ್ಚಿ, ಮುಂದೆ ಬಂದು, ನೆಲಕ್ಕೆ ಬೆಸೆದ ಟ್ರೇಯ ಮೇಲೆ ಕಾಲೂರಿ ಕೂತಳು. ಗಾಡಿ ಉಪ್ಪು ತುಳಿಯುತ್ತ ಗುಡ್ಡ ಇಳಿಯಿತು. ಒಂದು ತಿರುವು, ಇನ್ನೊಂದು ತಿರುವು.

"ಬರ್ನಿ!" ಹಿಂದಿನಿಂದ ಕೂಗು ಬಂತು. "ಎಲ್ಲಿಗ್ ಬಂದ್ವಿ?"

ಈ ಪ್ರಶ್ನೆಗೆ ಅವಳು ನಲವತ್ತು ವರ್ಷ ಕಾದಿದ್ದಳು.

"ದಾಟಿದ್ಮೇಲೆ ಕಾಣುತ್ತೆ," ಎಂದಳು, "ಬಾಯ್ಮುಚ್ಕೊಂಡು ಕೂತ್ಕೊ."