ನಾಲ್ಕನೇ ಜ್ವರದ ಓಟ

ಭಾನುಪ್ರಿಯ ಯಾವಾಗ ದೂರ ಓಡಬೇಕು, ಯಾವಾಗ ಮನೆ ಬಿಟ್ಟು ಅಲ್ಲಾಡಬಾರದು ಎಂಬುದನ್ನು ಅವಳ ಮನೆಯ ರೇಷ್ಮೆಹುಳುಗಳೇ ತೀರ್ಮಾನಿಸುತ್ತಿದ್ದವು. ಅಕ್ಕೂರಿನ ಆ ಮನೆಯಲ್ಲಿ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕುವುದಕ್ಕೆ, ಕಸ ತೆಗೆಯುವುದಕ್ಕೆ ಅತ್ತೆ ಸೊಸೆ ಇಬ್ಬರ ಕೈಯೂ ಬೇಕು. ಬಿಡುವು ಸಿಗುವುದು ಹುಳು ಜ್ವರಕ್ಕೆ ಕೂತಾಗ ಮಾತ್ರ. ಗೂಡು ಕಟ್ಟುವ ಮುನ್ನ ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲುಗದೆ ಕೂತು ಪೊರೆ ಕಳಚುತ್ತದೆ. ಅದನ್ನೇ ಊರಿನವರು ಜ್ವರ ಎನ್ನುವುದು. ಆಗ ಸೊಪ್ಪು ಹಾಕುವಂತಿಲ್ಲ, ಹುಳುವನ್ನು ಕದಲಿಸುವಂತಿಲ್ಲ. ಅಂಥ ದಿನ ಬೆಳಕು ಹರಿಯುವ ಹೊತ್ತಿಗೆ ಭಾನು ಬೂಟು ಕಟ್ಟಿಕೊಂಡು ರಸ್ತೆಗಿಳಿಯುತ್ತಿದ್ದಳು.

ಜೊತೆಗೆ ಓಡುತ್ತಿದ್ದವಳು ಸುಮನಾ, ಚನ್ನಪಟ್ಟಣದಲ್ಲಿ ಬ್ಯಾಂಕಿನ ಕೆಲಸದವಳು. ಮೈಸೂರಿನ ಪೇಟೆಯಲ್ಲಿ ಬೆಳೆದವಳಿಗೆ ಹುಳುವಿನ ಭಾಷೆ ಎಲ್ಲಿಂದ ಬರಬೇಕು? ಮೊದಲ ಸಲ ಭಾನು ಫೋನಿನಲ್ಲಿ, "ನಾಳೆ ಎಲ್ಲ ಜ್ವರಕ್ಕೆ ಕೂರ್ತವೆ ಕಣ್ರೀ, ಬೆಳಿಗ್ಗೆ ಓಡಕ್ಕೆ ಬತ್ತೀನಿ" ಎಂದಾಗ, ಮನೆಮಂದಿಗೆಲ್ಲ ಜ್ವರ ಎಂದುಕೊಂಡು ಮಾತ್ರೆ, ಬ್ರೆಡ್ಡು, ಕಿತ್ತಳೆಹಣ್ಣು ಕಟ್ಟಿಕೊಂಡು ಸ್ಕೂಟರಿನಲ್ಲಿ ಬಂದಿಳಿದಿದ್ದಳು. ಭಾನುವಿನ ಅತ್ತೆ ಶಿವಲಿಂಗಮ್ಮ ಹುಳದ ಮನೆಯ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಿದ್ದಳು.

"ಜ್ವರ ಬಂದಿರೋರು ಒಳಗವ್ರೆ ನೋಡವ್ವ. ಅಷ್ಟು ಜನಕ್ಕೆ ನಿನ್ನ ಒಂದು ಬ್ರೆಡ್ಡು ಎಲ್ಲಿ ಸಾಲ್ತದೆ?"

ನಕ್ಕರೂ ಬ್ರೆಡ್ಡು ತಂದ ಕೈಯನ್ನು ಆಕೆ ಮರೆಯಲಿಲ್ಲ. ಅಂದಿನಿಂದ ಸುಮನಾ ಬಂದಾಗಲೆಲ್ಲ ಕರಿಬೇವು ಹಾಕಿದ ಒಂದು ಲೋಟ ಮಜ್ಜಿಗೆ ಕೇಳದೆಯೇ ಜಗಲಿಗೆ ಬರುತ್ತಿತ್ತು.

ರಾಮನಗರದಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ಓಟ ಇತ್ತು. ಭಾನು ಹೋದ ವರ್ಷವೇ ಓಡಬೇಕಿತ್ತು. ಆಗ ಮಂಡಿ ಊದಿ ಮನೆಯಲ್ಲೇ ಉಳಿದಳು. ಗಂಡ ಅಶ್ವಥ್ ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಜೋರು ಮಾಡುವ ಜಾಯಮಾನದವನಲ್ಲ. ಅವತ್ತು ಮಾತ್ರ ಹೇಳಿದ್ದ: "ನೋಡು ಭಾನು, ಇನ್ನೊಂದ್ಸಲ ಕಾಲು ಕೈ ಕೊಡ್ತು ಅಂದ್ರೆ ಬೂಟ್ನ ತಗದು ಅಟ್ಟಕ್ಕೆ ಎಸಿತೀನಿ. ಅವ್ವ ಒಬ್ಳೇ ಎಷ್ಟು ಅಂತ ಮಾಡಾಳು?" ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಭಾನುವಿಗೆ ಅದು ಮುಳ್ಳಿನಂತೆ ಒಳಗೇ ಉಳಿದಿತ್ತು. ಮದುವೆಯಾಗಿ ಬಂದ ಮೇಲೆ ಅವಳು ತನಗೆಂದು ಕೇಳಿದ್ದು ಇದೊಂದೇ. ಒಂದು ಸಲ, ಒಂದೇ ಒಂದು ಸಲ, ಆ ಇಪ್ಪತ್ತೊಂದನ್ನು ಓಡಿ ಮುಗಿಸಬೇಕು.

ಈ ವರ್ಷದ ಓಟಕ್ಕೆ ಒಂದು ವಾರ ಇರುವಾಗ ಹುಳು ನಾಲ್ಕನೇ ಜ್ವರಕ್ಕೆ ಕೂತವು. ಅದೇ ಕೊನೆಯ ಬಿಡುವು. ಜ್ವರ ಎದ್ದ ಮೇಲೆ ಹುಳು ಸುರಿದಷ್ಟೂ ತಿನ್ನುತ್ತವೆ, ಆಮೇಲೆ ಮೇವು ಬಿಟ್ಟು, ಮೈ ತಿಳಿಯಾಗಿ ಹಣ್ಣಾಗಿ, ಗೂಡು ಕಟ್ಟುತ್ತವೆ. ಆ ಭಾನುವಾರ ಇಬ್ಬರೂ ಉದ್ದಕ್ಕೆ ಓಡಿದರು. ಹಿಂದಿರುಗುವಾಗ ಭಾನುವಿನ ಎಡಗಾಲಿನಲ್ಲಿ, ಮಂಡಿಯಿಂದ ಕೆಳಗೆ ಮೂಳೆಯ ಮೇಲೆ ಒಂದೇ ಜಾಗದಲ್ಲಿ, ಯಾರೋ ಬೆರಳಿಟ್ಟು ಒತ್ತಿದಂಥ ನೋವು. ಮೊದಲು ಹಲ್ಲು ಕಚ್ಚಿದಳು. ಕೊನೆಗೆ ರಸ್ತೆಬದಿಯ ಮೈಲಿಗಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದಳು.

ಸುಮನಾ ಅವಳ ಬೂಟು ಬಿಚ್ಚಿ, ಕಾಲುಚೀಲ ಸರಿಸಿ, ಸೊಂಟದ ಚೀಲದಿಂದ ನೋವಿನ ಸ್ಪ್ರೇ ತೆಗೆದು ಬುಸ್ಸೆಂದು ಹೊಡೆದಳು.

"ಅಯ್ಯೋ! ಏನ್ ಮಾಡ್ಬುಟ್ರಿ ಸುಮನಾ!"

"ಯಾಕೆ, ಉರೀತಾ?"

"ಉರಿ ಅಲ್ಲ ಕಣ್ರೀ, ವಾಸ್ನೆ! ಹುಳಕ್ಕೆ ವಾಸ್ನೆ ಆಗಲ್ಲ. ನಮ್ಮನೇಲಿ ಊದುಬತ್ತಿನೂ ಹಚ್ಚಲ್ಲ, ಪೌಡ್ರೂ ಬಳಿಯಲ್ಲ."

ಸುಮನಾಳ ಮುಖ ಸಣ್ಣಗಾಯಿತು. ಬಾಟಲಿಯಲ್ಲಿದ್ದ ಕುಡಿಯುವ ನೀರನ್ನೆಲ್ಲ ಆ ಕಾಲಿಗೇ ಸುರಿದು ತಿಕ್ಕಿದಳು. ವಾಸನೆ ಹೋಗಲಿಲ್ಲ.

ಮನೆಗೆ ಬಂದ ಭಾನು ನೇರ ಹಿತ್ತಲಿಗೆ ಹೋಗಿ ಸೀಗೆಪುಡಿ ಹಾಕಿ ಉಜ್ಜಿದಳು, ಮಣ್ಣು ಹಾಕಿ ಉಜ್ಜಿದಳು. ಒಳಗಿನಿಂದ ಅತ್ತೆ ಕೂಗಿದಳು.

"ಬಂದೇನವ್ವ? ಒಳಿಕ್ಕೆ ಬಾ, ಹುಳದ ಮೇಲೆ ಸುಣ್ಣ ಎರಚಾವ. ತೇವ ಆಗ್ಬುಟ್ಟದೆ."

ನಿಜ ಹೇಳಬಹುದಿತ್ತು. ಹೇಳಿದರೆ ವಾಸನೆಯ ಹಿಂದೆ ಕಾಲು, ಕಾಲಿನ ಹಿಂದೆ ಅಟ್ಟ. ಬಾಯಿಗೆ ಬಂದದ್ದು ಬೇರೆಯೇ.

"ನಾನು ಬರಂಗಿಲ್ಲ ಅತ್ತೆ. ಹೊರಗಾಗಿವ್ನಿ."

ಶಿವಲಿಂಗಮ್ಮನ ಮನೆಯಲ್ಲಿ ಮುಟ್ಟಾದವರು ಹುಳದ ಮನೆಗೆ ಕಾಲಿಡುವಂತಿಲ್ಲ, ಸೊಪ್ಪು ಮುಟ್ಟುವಂತಿಲ್ಲ. ಉಳಿದ ಕೆಲಸಕ್ಕೆ ತಡೆಯಿಲ್ಲ, ಹುಳಕ್ಕೆ ಮಾತ್ರ ಆಕೆಯ ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಒಳಗೆ ಅತ್ತೆ ಸುಣ್ಣದ ಡಬ್ಬಿ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಹೂಂ, ಆಯ್ತು ಬುಡು" ಎಂದಳು.

ಹೇಳಿದ ಮೇಲೆ ಭಾನುವಿಗೆ ತನ್ನ ತಪ್ಪು ಹೊಳೆಯಿತು. ವಾಸನೆ ನಾಳೆಗೆ ಹೋಗಿಬಿಡುತ್ತದೆ. ಮುಟ್ಟು ಐದು ದಿನದ್ದು. ಒಂದೇ ದಿನಕ್ಕೆ ಮುಗಿಯುವ ಮುಟ್ಟು ಯಾವ ಹೆಂಗಸಿಗೆ ಉಂಟು?

ಜ್ವರ ಎದ್ದ ಹುಳುಗಳು ಹಸಿದು ಬಾಯಿಬಿಟ್ಟವು. ಪಾಳಿ ಮುಗಿಸಿ ಬಂದ ಅಶ್ವಥ್ ಮಲಗುವ ಬದಲು ತೋಟದಿಂದ ಸೊಪ್ಪು ಕೊಯ್ದು ಹೊತ್ತು ತಂದು ಹಾಕುತ್ತಿದ್ದ. ಶಿವಲಿಂಗಮ್ಮ ಸೊಂಟಕ್ಕೆ ಹಳೆಯ ಸೀರೆಯ ತುಂಡು ಬಿಗಿದುಕೊಂಡು ಒಬ್ಬಳೇ ಮೇಯಿಸಿದಳು. ಭಾನು ಜಗಲಿಯಲ್ಲಿ ಕೂತು, ಅತ್ತೆ ಬಗ್ಗಿ ಏಳುವಾಗ "ಶಿವನೇ" ಎನ್ನುವುದನ್ನು ಗೋಡೆಯ ಈಚೆಯಿಂದ ಕೇಳುತ್ತಿದ್ದಳು. ಅಡುಗೆ ಮಾಡಿಟ್ಟಳು, ಬಟ್ಟೆ ಒಗೆದಳು, ಹಸುವಿಗೆ ಹುಲ್ಲು ಹಾಕಿದಳು. ಎಷ್ಟು ಮಾಡಿದರೂ ಆ ಗೋಡೆಯ ಆಚೆಯ ಕೆಲಸ ಒಂದು ಹಿಡಿಯೂ ಕಡಿಮೆಯಾಗಲಿಲ್ಲ. ಎದ್ದು ಹೋಗಿ ಸುಳ್ಳು ಎನ್ನುವ ಹಾಗಿಲ್ಲ, ಕೂತಿರಲು ಮನಸ್ಸು ಒಪ್ಪುತ್ತಿಲ್ಲ.

ನಡುವೆ ಒಂದು ದಿನ ಸುಮನಾ ಅವಳನ್ನು ಚನ್ನಪಟ್ಟಣದ ಡಾಕ್ಟರೊಬ್ಬರಿಗೆ ತೋರಿಸಿದಳು. ಅವರು ಮೂಳೆಯ ಮೇಲೆ ಹೆಬ್ಬೆರಳು ಊರಿದರು. ಭಾನು ಕುರ್ಚಿಯಿಂದ ಅರ್ಧ ಎದ್ದಳು.

"ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದಮ್ಮ. ಸ್ಕ್ಯಾನ್ ಮಾಡಿಸಿದ್ರೆ ಖಾತ್ರಿಯಾಗುತ್ತೆ. ಮಾಡಿಸದಿದ್ರೂ ಓಡಬಾರದು ಅಂತ ನಾನು ಈಗಲೇ ಹೇಳ್ತೀನಿ."

"ಒಂದೇ ಒಂದು ಓಟ ಸಾರ್."

"ಮೂಳೆಗೆ ನಿಮ್ಮ ಓಟ ಒಂದೋ ಎರಡೋ ಗೊತ್ತಾಗಲ್ಲಮ್ಮ" ಎಂದರು ಅವರು. ಗದರಲಿಲ್ಲ, ಅವಳ ಕಣ್ಣು ತುಂಬಿದ್ದು ಕಂಡು, ಕಿಟಕಿಯ ಕಡೆ ತಿರುಗಿ ಫ್ಯಾನಿನ ಸ್ವಿಚ್ಚು ಹಾಕುವ ನೆಪ ಮಾಡಿದರು.

ಐದು ದಿನ ಮುಗಿಸಿ, ತಲೆಗೆ ನೀರು ಹಾಕಿಕೊಂಡು ಹುಳದ ಮನೆಗೆ ಹೋದಳು. ನಿಂತೇ ಮಾಡುವ ಕೆಲಸ. ಕಾಲು ಸಿಡಿಯುತ್ತಿತ್ತು. ಅತ್ತೆ ತಿರುಗಿದಾಗಲೆಲ್ಲ ನೆಟ್ಟಗೆ ನಿಲ್ಲುತ್ತಿದ್ದಳು. ಓಟ ಬೇಡವೆಂದು ಮನಸ್ಸಿನಲ್ಲೇ ಅರ್ಧ ಬಿಟ್ಟುಕೊಟ್ಟಿದ್ದಳು. ಹೋಗದಿದ್ದರೆ ಹೋಗಲಿಲ್ಲ, ಯಾರಿಗೆ ಗೊತ್ತಾಗಬೇಕು? ಸೋಮವಾರಕ್ಕೆ ಹುಳು ಹಣ್ಣಾಗುತ್ತವೆ, ಕೆಲಸವಿತ್ತು ಎಂದರಾಯಿತು.

ಶನಿವಾರ ಸಂಜೆ ಶಿವಲಿಂಗಮ್ಮ ಅವಳನ್ನು ಜಗಲಿಗೆ ಕರೆದಳು. ಕಂಬದ ಬಳಿ ಅವಳ ಬೂಟುಗಳು ತೊಳೆದು ಒಣಗಿಸಿ ಜೋಡಿಯಾಗಿ ಕೂತಿದ್ದವು. ಎಡಗಡೆಯದರ ಲೇಸು ಎಂದೋ ತುಂಡಾಗಿತ್ತು, ಈಗ ಅದರ ಜಾಗದಲ್ಲಿ ಬಿಳಿಯ ಲಾಡಿ ಪೋಣಿಸಿತ್ತು. ಅತ್ತೆಯ ಹೊಸ ಲಂಗದ ಲಾಡಿ.

"ನೀನು ಹೊರಗಾಗಿರ್ಲಿಲ್ಲ" ಎಂದಳು ಅತ್ತೆ.

ಭಾನು ಬೂಟಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದಳು.

"ಹೋದ ಅಮಾಸೆಲಿ ತಾನೆ ನೀರು ಹಾಕ್ಕೊಂಡೆ? ಒಂದೇ ಸೂರಿನಡಿ ಇದ್ದು ನಿನ್ನ ಲೆಕ್ಕ ನಂಗೆ ಗೊತ್ತಾಗಲ್ವೇನಮ್ಮಿ? ಓಟಕ್ಕೆ ಮುಂಚೆ ಕಾಲಿಗೆ ಒಸಿ ದಣಿವಾರ್ಲಿ ಅಂತ ಸುಳ್ಳು ಹೇಳಿ ಕುಂತ್ಕೊಂಡೆ ನೀನು. ಬಾಯ್ಬುಟ್ಟು ಕೇಳಿದ್ರೆ ನಾನೇನು ತಿಂದಾಕ್ತಿದ್ನಾ?"

"ಅಂಗಲ್ಲ ಅತ್ತೆ..."

"ಸುಮ್ಕಿರು. ಹೊಟ್ಟೆಗಾಕ್ಕೊಂಡಿವ್ನಿ. ನಾನು ಹುಟ್ಟಿದಾಗಿಂದ ಓಡಿರದು ಒಂದೇಯ, ಹೋಯ್ತಾ ಇರೋ ಬಸ್ ಹಿಡಿಯಕ್ಕೆ. ಅದೂ ಸಿಗ್ಲಿಲ್ಲ." ತನ್ನ ಮಾತಿಗೆ ತಾನೇ ನಕ್ಕಳು. "ಹೋಗಿ ಓಡ್ಬುಟ್ಟು ಬಾ. ಹುಳ ಸೋಮವಾರದ ಗಂಟ ಹಣ್ಣಾಗಲ್ಲ. ಇಷ್ಟು ದಿನ ಒಬ್ಳೇ ಮೇಯ್ಸಿದ್ದು ದಂಡ ಆಗ್ಬಾರ್ದು."

ಈಗ ಕಾಲಿನ ವಿಷಯ ಹೇಗೆ ಹೇಳುವುದು? ಹೇಳಿದರೆ ಆ ಮುದುಕಿಯ ಸೊಂಟನೋವೂ ದಂಡ, ಆ ಲಾಡಿಯೂ ದಂಡ. ಭಾನು ಬೂಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, "ಆಯ್ತು ಅತ್ತೆ" ಎಂದಳು.

ಭಾನುವಾರ ರಾಮನಗರದ ಮೈದಾನದಲ್ಲಿ ಕನಕಪುರದವರು, ಮಾಗಡಿಯವರು, ಎಲ್ಲೆಲ್ಲಿಯವರೋ ಕೈಕಾಲು ಕೊಡವುತ್ತ ನಿಂತಿದ್ದರು. ಸುಮನಾ ಅವಳ ತೋಳು ಹಿಡಿದಳು.

"ಡಾಕ್ಟರು ಹೇಳಿದ್ದು ಮರೆತ್ರಾ ಭಾನು? ನಿಂತ್ಕೊಂಡು ನೋಡಿ, ಸಾಕು."

"ಆಗೋಷ್ಟು ಓಡ್ತೀನಿ. ನನ್ನ ಕಾಯ್ಬೇಡಿ, ನೀವು ಹೋಗಿ."

ಆದದ್ದು ಬಹಳ ಸ್ವಲ್ಪ. ಬಂಡೆಗಳ ನೆರಳು ದಾಟಿ ರಸ್ತೆ ಏರತೊಡಗಿದಾಗ ಮೂಳೆಯೊಳಗೆ ಏನೋ ಲಟಕ್ಕೆಂದಿತು. ಇನ್ನೊಂದು ಹೆಜ್ಜೆ ಇಡಲು ನೋಡಿದಳು, ಕಾಲು ಒಪ್ಪಲಿಲ್ಲ. ಮನಸ್ಸು ಮುಂದಕ್ಕೆ ಓಡುತ್ತಲೇ ಇತ್ತು, ಮೈ ಮಾತ್ರ ರಸ್ತೆಯಂಚಿನಲ್ಲಿ ಕುಸಿದು ಕೂತಿತು. ಹಿಂದಿದ್ದವರೆಲ್ಲ ದಾಟಿ ಹೋದರು. ಒಬ್ಬಳು ಹುಡುಗಿ ನಿಂತು ತನ್ನ ನೀರು ಕೊಟ್ಟು ಹೋದಳು. ಭಾನು ಮಂಡಿಗೆ ಹಣೆಯಾನಿಸಿ ಕಣ್ಣು ಮುಚ್ಚಿದಳು.

ಬುಸ್ಸೆಂದು ಸದ್ದಾಯಿತು. ಕಾಲು ತಣ್ಣಗಾಯಿತು.

"ಹೆದರ್ಬೇಡಿ ಅಕ್ಕ, ಎರಡು ನಿಮಿಷದಲ್ಲಿ ನೋವು ಇಳೀತದೆ." ಓಟಗಾರರಿಗೆ ನೀರು ಕೊಡಲು ನಿಂತಿದ್ದ ಆಫ್ತಾಬ್ ಎಂಬ ನಡುವಯಸ್ಸಿನ ಮನುಷ್ಯ ಸ್ಪ್ರೇ ಹಿಡಿದು ಮೊಣಕಾಲೂರಿ ಕೂತಿದ್ದ. ಅವನದು ರಾಮನಗರದಲ್ಲೇ ರೇಷ್ಮೆ ನೂಲು ತೆಗೆಯುವ ಕಸುಬು. ದಿನಾ ಗೂಡು ಕಾಣುವವನು. ಮನೆಯಲ್ಲಿ ಹುಳು ಸಾಕಿದವನಲ್ಲ. ಭಾನು ಹುಡುಗಿ ಕೊಟ್ಟಿದ್ದ ನೀರನ್ನು ಕಾಲಿಗೆ ಸುರಿದುಕೊಂಡಳು, ವಾಸನೆ ಹೋಗಲಿಲ್ಲ. ಅವನು ಅವಳನ್ನು ಮೆಲ್ಲಗೆ ಎಬ್ಬಿಸಿ, ತನ್ನ ಬೈಕಿನಲ್ಲಿ ಕೂರಿಸಿಕೊಂಡ.

"ಆಸ್ಪತ್ರೆಗೆ ಹೋಗಣ ಅಕ್ಕ."

"ಬೇಡಪ್ಪ. ಮನೆಗೆ ಹೋಗ್ಬೇಕು."

ಬಸ್‌ಸ್ಟ್ಯಾಂಡಿಗೆ ಬಿಟ್ಟು, ಕಂಡಕ್ಟರಿಗೆ ಹೇಳಿ ಕಾಲು ಚಾಚುವ ಸೀಟು ಕೊಡಿಸಿ, ಬಸ್ಸು ಹೊರಡುವತನಕ ಕಿಟಕಿಯ ಕೆಳಗೇ ನಿಂತಿದ್ದ. ಭಾನು ಸುಮನಾಳಿಗೆ ಮೆಸೇಜು ಹಾಕಿದಳು: ಮನೆಗೆ ಹೊರಟೆ, ನೀವು ಓಡಿ ಮುಗಿಸಿ.

ಚನ್ನಪಟ್ಟಣ ದಾಟುವಾಗ ಅಶ್ವಥನ ಫೋನು ಬಂತು.

"ಎಲ್ಲಿದ್ದೀಯ? ಓಟ ಮುಗೀತಾ? ಅವ್ವ ಹೇಳ್ಬೇಡ ಅಂದ್ಲು, ಆದ್ರೂ ಹೇಳ್ತಿವ್ನಿ. ಬಿಸಿಲಿಗೆ ಹುಳ ಇವತ್ತೇ ಹಣ್ಣಾಗ್ಬುಟ್ಟವೆ. ಪಕ್ಕದ್ಮನೆ ಕಾವೇರಮ್ಮನ್ನ ಕರ್ಕೊಂಡೆ. ಮೂರು ಜನಕ್ಕೂ ಕೈ ಸಾಲ್ತಿಲ್ಲ, ಬಿರ್ನೆ ಬಾ."

ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು ತಡವಾದರೆ ಅದು ಎಲ್ಲೆಂದರಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. "ಬಂದೆ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತನ್ನ ಕಾಲಿನ ವಾಸನೆ ಮೂಗಿಗೆ ಬಡಿಯಿತು.

ಅಂಗಳಕ್ಕೆ ಬಂದವಳು ಹುಳದ ಮನೆಯಿಂದ ದೂರದಲ್ಲೇ ನಿಂತಳು. ಒಳಗಿನಿಂದ ಅತ್ತೆಯ ದನಿ.

"ಬಂದೇನವ್ವ? ಕೈಕಾಲು ತೊಳ್ಕೊಂಡು ಬಾ ಬಾ!"

"ಬರಂಗಿಲ್ಲ ಅತ್ತೆ."

"ಇದೇನೇ!" ಒಳಗಿದ್ದ ಕಾವೇರಮ್ಮ ನಕ್ಕಳು. "ವಾರಕ್ಕೆರಡು ಸಲ ಹೊರಗಾಯ್ತಾಳಾ ನಿನ್ನ ಸೊಸೆ?"

ಶಿವಲಿಂಗಮ್ಮ ಹೊಸ್ತಿಲಿಗೆ ಬಂದಳು. ಅಂಗೈಯಲ್ಲಿ ಹಣ್ಣಾದ ಹುಳುಗಳು, ಬೆಳಕು ಆಚೆಗೆ ಕಾಣುವಷ್ಟು ತಿಳಿಯಾಗಿ ಹೊಳೆಯುತ್ತಿದ್ದವು. ಒಂದೆರಡು ಆಗಲೇ ಆಕೆಯ ಬೆರಳ ಸಂದಿಗೆ ಎಳೆ ಬಿಡತೊಡಗಿದ್ದವು. ಗಾಳಿ ಬೀಸಿತು. ಆಕೆ ಮೂಗು ಅರಳಿಸಿದಳು. ಸೊಸೆಯ ಮುಖ ನೋಡಿದಳು, ನೆಲಕ್ಕೆ ಊರದೆ ಎತ್ತಿಹಿಡಿದ ಕಾಲು ನೋಡಿದಳು.

"ಅವತ್ತೂ ಇದೇ ವಾಸ್ನೆನಾ?"

ಭಾನು ಹೌದೆಂದು ತಲೆಯಾಡಿಸಿದಳು.

"ಹುಳಕ್ಕೆ ಅಂತ ಹೊರಗುಳಿದ್ಯಾ?"

"ಹೂಂ. ಕಾಲು ಅವತ್ತೇ ಹೋಗಿತ್ತು ಅತ್ತೆ."

"ಓಡಿದ್ಯಾ?"

"ಇಲ್ಲ ಅತ್ತೆ. ಆಗ್ಲಿಲ್ಲ."

ಮುದುಕಿ ಒಂದು ಹೆಜ್ಜೆ ಮುಂದಿಟ್ಟು, ಬಿಡುವಿದ್ದ ಕೈಯನ್ನು ಸೊಸೆಯ ಕಡೆ ಚಾಚಿದಳು. ಅರ್ಧದಲ್ಲೇ ತಡೆದಳು. ಮುಟ್ಟಿದರೆ ವಾಸನೆ ಕೈಗೆ ಬರುತ್ತದೆ, ಕೈಯಿಂದ ಹುಳುವಿಗೆ.

"ಅವ್ವಾ, ಬಾ ಬೇಗ!" ಒಳಗಿನಿಂದ ಅಶ್ವಥ್ ಕೂಗಿದ.

ಶಿವಲಿಂಗಮ್ಮ ಹೊಸ್ತಿಲ ಪಕ್ಕದ ಮಣೆಯನ್ನು ಕಾಲಿನಿಂದ ಮೆಲ್ಲಗೆ ಅವಳತ್ತ ತಳ್ಳಿದಳು.

"ತಗೊಂಡೋಗಿ ಅಲ್ಲಿ, ಹುಣಸೆಮರದ ಆಚೆ ಕುಂತ್ಕೊ ಕಣವ್ವ. ಗಾಳಿ ಇತ್ತಗೆ ಬೀಸ್ತಾ ಐತೆ."

ಭಾನು ಮಣೆ ಹಿಡಿದು, ಕುಂಟುತ್ತ, ಹುಣಸೆಮರದ ಆಚೆ ಹೋಗಿ ಕೂತಳು. ಅಲ್ಲಿಂದ ಹುಳದ ಮನೆಯ ಬಾಗಿಲು ಕಾಣುತ್ತಿತ್ತು. ಅವಸರದ ಮೂರು ನೆರಳುಗಳು ಕಾಣುತ್ತಿದ್ದವು. ಕಾಲು ಬೂಟಿನೊಳಗೆ ಊದಿಕೊಂಡಿತ್ತು. ಬಿಚ್ಚೋಣವೆಂದು ಬಗ್ಗಿದಳು. ಜಾರದಿರಲೆಂದು ಅತ್ತೆ ಲಾಡಿಯ ತುದಿಗೆ ಹಾಕಿದ್ದ ಗಂಟು ಬೆವರಿಗೆ ನೆನೆದು ಬಿಗಿದುಕೊಂಡಿತ್ತು. ಉಗುರಿನಿಂದ ಸ್ವಲ್ಪ ಹೊತ್ತು ಎಳೆದು ನೋಡಿದಳು. ಆಮೇಲೆ ಹಾಗೆಯೇ ಬಿಟ್ಟಳು.