ಗದ್ದೆಯ ಗಾಯಕ್ಕೆ ಕೆಸರಿನ ಲೇಪ

ಅಷ್ಟಮೂರ್ತಿಯಾದ ಪರಶಿವನೇ, ನಾವು ಉಳುವ ಮಣ್ಣು ನಿನ್ನ ರೂಪ, ಗದ್ದೆಗೆ ಹರಿದು ಬರುವ ನೀರು ನಿನ್ನ ರೂಪ, ಇವೆರಡರ ನಡುವೆ ಬಾಗಿ ದುಡಿಯುವ ಜೀವವೂ ನಿನ್ನದೇ ರೂಪ. ಒಂದನ್ನು ಪೂಜಿಸುವ ಭರದಲ್ಲಿ ಇನ್ನೊಂದನ್ನು ಕಡೆಗಣಿಸದಂತೆ ನಮಗೆ ವಿವೇಕವನ್ನು ಕರುಣಿಸು. ಬೇನೆಯಿಂದ ಬಳಲಿದ ಒಂದು ಮನೆಯ ಕಥೆಯನ್ನು ನಿನಗೆ ನಮಿಸಿ ಆರಂಭಿಸುತ್ತೇವೆ.

ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ ದೊಡ್ಡಬಸಪ್ಪನೆಂಬ ಭತ್ತದ ರೈತನಿದ್ದ. ಅವನ ಹೆಂಡತಿ ಚನ್ನವೀರಮ್ಮ. ಉಂಡುಟ್ಟು ನೆಮ್ಮದಿಯಾಗಿದ್ದ ಸಂಸಾರ. ಆದರೆ ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಬಸಪ್ಪನಿಗೆ ಹಿಡಿದ ಜ್ವರ ಬಿಡಲೇ ಇಲ್ಲ. ಬೆಳಿಗ್ಗೆ ಇಳಿದಂತೆ ತೋರಿ, ದನಗಳು ಮನೆಗೆ ಮರಳುವ ಹೊತ್ತಿಗೆ ಮತ್ತೆ ಏರುತ್ತಿತ್ತು. ಕೆಮ್ಮು ಸೇರಿತು. ಮೈ ಕರಗಿ, ಅಂಗಿಯ ಹೆಗಲು ತೋಳಿಗೆ ಜಾರಿತು. ಊರಿನಲ್ಲಿ ಸೂಜಿ ಹಾಕಿಸಿದ್ದಾಯಿತು. ಕ್ಷಯವಿರಬಹುದೆಂದು ಸಿರುಗುಪ್ಪಕ್ಕೆ ಹೋಗಿ ಕಫದ ಪರೀಕ್ಷೆ ಮಾಡಿಸಿದ್ದೂ ಆಯಿತು. ಅದರಲ್ಲಿ ಏನೂ ಕಾಣಲಿಲ್ಲ.

ಚನ್ನವೀರಮ್ಮ ದಣಿದಿದ್ದಳು. ಆಸ್ಪತ್ರೆಯ ಬೆಂಚು, ಬಸ್ ನಿಲ್ದಾಣದ ಕಂಬ, ಮನೆಯ ಗೋಡೆ, ಎಲ್ಲಿ ಬೆನ್ನು ತಾಗಿದರೂ ಅಲ್ಲಿಯೇ ಕಣ್ಣುಗಳು ಮುಚ್ಚಿಹೋಗುತ್ತಿದ್ದವು. ಸಂಜೆ ದೀಪ ಹಚ್ಚುವಾಗ ದೇವರಲ್ಲಿ ಬೇಡುವುದಕ್ಕೂ ಅವಳಿಗೆ ಮಾತು ಉಳಿದಿರಲಿಲ್ಲ. ಕೈ ಮುಗಿದು ಸುಮ್ಮನೆ ನಿಲ್ಲುತ್ತಿದ್ದಳು.

ಪಕ್ಕದ ಮನೆಯ ಉಚ್ಚಂಗೆಮ್ಮ ಊರಿನ ಹೆಣ್ಣಾಳುಗಳನ್ನು ನಾಟಿಗೆ ಕರೆದೊಯ್ಯುವವಳು. ದಿನಕ್ಕೊಮ್ಮೆ ಬಂದು ವಿಚಾರಿಸುತ್ತಿದ್ದಳು.

"ಚನ್ನವೀರಕ್ಕ, ನಿನ್ನ ಗಂಡಗ ಜ್ವರಕ್ಕಿಂತ ಹಟ ಜಾಸ್ತಿ ಐತಿ ನೋಡು. ಬಾಯಾಗ ಮಾತ್ರಿ ಹಾಕಿದ್ರ ಆ ಮಾತ್ರಿಗೇ ಜ್ವರ ಬಂದೀತು."

"ಕೇಳಿಸ್ತೈತಿ ಉಚ್ಚಂಗಿ. ಕಿವಿಗೇನು ಜ್ವರ ಬಂದಿಲ್ಲ," ಎಂದು ಮಂಚದ ಮೇಲಿಂದ ದೊಡ್ಡಬಸಪ್ಪ ಗೊಣಗಿದ.

ಚನ್ನವೀರಮ್ಮನ ಅಣ್ಣನ ಮಗಳು ಅಕ್ಷತಾ ಡಾಕ್ಟರು. ಬಳ್ಳಾರಿಯಲ್ಲಿ ರೋಗಾಣುಗಳ ವಿಷಯದಲ್ಲಿ ಮೇಲಿನ ಓದು ಓದುತ್ತಿದ್ದಳು. ಒಂದು ರಜೆಯ ದಿನ ಮಾವನನ್ನು ನೋಡಲು ಬಂದವಳು ನಾಡಿ ಹಿಡಿದಳು, ಎದೆಯ ಸದ್ದು ಕೇಳಿದಳು, ಕೊನೆಗೆ ಕಾಲ ಮೇಲಿನ ಕಂಬಳಿ ಸರಿಸಿದಳು.

"ಮಾವ, ಹಿಮ್ಮಡಿಗೆ ಏನಾಗೈತಿ?"

"ಏನಿಲ್ಲವ್ವ. ನಾಟಿ ಹಚ್ಚುವಾಗ ಏನೋ ಚುಚ್ಚಿತ್ತು. ಕೆಸರು ಹಚ್ಚಿದ್ದೆ."

"ಗಾಯಕ್ಕ ಕೆಸರು ಹಚ್ಚಿದ್ರ್ಯಾ?"

"ಗದ್ದಿ ಕೊಟ್ಟ ಗಾಯಕ್ಕ ಗದ್ದೀನ ಮದ್ದು. ನಮ್ಮಪ್ಪನೂ ಹಂಗ ಮಾಡ್ತಿದ್ದ, ಅವರಪ್ಪನೂ ಹಂಗ."

ಅದು ಆ ಮನೆತನದ ನಡವಳಿಕೆ. ಬದುವಿನ ಮೇಲೆ ಚಪ್ಪಲಿ ಬಿಟ್ಟು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಿನಲ್ಲಿಯೇ ಗದ್ದೆಗೆ ಇಳಿಯಬೇಕು. ಗಾಯವಾದರೆ ಅದೇ ಗದ್ದೆಯ ಕೆಸರನ್ನು ಮೆತ್ತಿಕೊಳ್ಳಬೇಕು. ದೊಡ್ಡಬಸಪ್ಪನಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆಯಿತ್ತು. ಪಾದಗಳು ಜೋಮು ಹಿಡಿದಂತಾಗಿ, ಗಾಯ ಮಾಯದೆ ಉಳಿದದ್ದು ಅವನ ಗಮನಕ್ಕೇ ಬಂದಿರಲಿಲ್ಲ.

"ಅತ್ತಿ, ಕೆಸರಿನ ವಿಷಯ ಡಾಕ್ಟ್ರಿಗೆ ಹೇಳಿದ್ರ್ಯಾ? ಶುಗರ್ ಐತಿ ಅಂತ?"

"ಅವರು ಕೇಳಲಿಲ್ಲ, ನಾವು ಹೇಳಲಿಲ್ಲ," ಎಂದಳು ಚನ್ನವೀರಮ್ಮ.

ಅಕ್ಷತಾ ಮಂಚದ ಅಂಚಿಗೆ ಕುಳಿತಳು. "ಥಾಯ್ಲೆಂಡ್ ಅಂತ ಒಂದು ದೇಶ ಐತಿ ಮಾವ. ಅದರ ಈಶಾನ್ಯದ ಸೀಮಿ ನಮ್ಮ ಸಿರುಗುಪ್ಪದಂಗ, ನೋಡಿದಲ್ಲೆಲ್ಲ ಭತ್ತ. ಮಳಿಗಾಲ ಬಂತಂದ್ರ ಅಲ್ಲಿ ರೈತರು ಇಂಥದ ಜ್ವರ ಹಿಡ್ದು ದವಾಖಾನಿಗೆ ಬರ್ತಿದ್ರು. ಎಷ್ಟೋ ಮಂದಿ ಸಾಯ್ತಿದ್ರು. ಡಾಕ್ಟ್ರು ವರ್ಷಾನುಗಟ್ಟಲೆ ರೋಗಿಗಳ ರಕ್ತ ನೋಡಿದ್ರು, ಗದ್ದಿ ಮಣ್ಣೂ ನೋಡಿದ್ರು. ಎರಡರಾಗೂ ಒಂದ ರೋಗಾಣು. ಆ ರೋಗಕ್ಕ ಮೆಲಿಯೋಯ್ಡೋಸಿಸ್ ಅಂತಾರ. ಅದು ಹಿಡಿದವರೊಳಗ ಶುಗರ್ ಇದ್ದವರ ಬಹಳ."

"ಅವರ ಕೆಸರು ಬ್ಯಾರೆ, ನಮ್ಮ ತುಂಗಭದ್ರಿ ಕೆಸರು ಬ್ಯಾರೆ."

"ಜೋಳಕ್ಕ ಬೀಳೋ ಹುಳ ಊರ ಹೆಸರು ಕೇಳಿ ಬರ್ತೈತೇನು? ನಮ್ಮ ಕರಾವಳಿ ಕಡಿಗೂ ಈ ರೋಗ ಸಿಕ್ಕೈತಿ. ನಿಮಗೂ ಅದ ಅಂತ ನಾ ಹೇಳಂಗಿಲ್ಲ. ರಕ್ತ ಪರೀಕ್ಷೆ ಮಾಡ್ಸಿದ್ರ ಗೊತ್ತಾಗ್ತೈತಿ."

ದೊಡ್ಡಬಸಪ್ಪ ಬಹಳ ಹೊತ್ತು ಕೆಮ್ಮಿ, ಸುಧಾರಿಸಿಕೊಂಡು ಕೇಳಿದ: "ಮಣ್ಣು ತಾಯಿ, ಅಕ್ಷತಾ. ತಾಯಿ ಮಗನಿಗೆ ವಿಷ ಇಡ್ತಾಳೇನು?"

ಆ ಪ್ರಶ್ನೆಯಲ್ಲಿ ಹಟವಿರಲಿಲ್ಲ, ನೋವಿತ್ತು. ಅಕ್ಷತಾ ನಗಲಿಲ್ಲ. "ಹೊಳಿನೂ ತಾಯಿನ ಮಾವ. ಆಕಿ ತುಂಬಿ ಹರಿಯುವಾಗ ನೀವು ದಂಡಿ ಮ್ಯಾಗ ನಿಂತು ಕೈ ಮುಗಿತೀರಿ. ಒಳಗ ಇಳಿಯಂಗಿಲ್ಲ."

ದೊಡ್ಡಬಸಪ್ಪ ಗೋಡೆಯ ಕಡೆಗೆ ತಿರುಗಿದ. ಚನ್ನವೀರಮ್ಮ ಎದ್ದು ಕಂಬಳಿ ಮಡಚತೊಡಗಿದಳು. "ಏಳ್ರಿ, ಬಳ್ಳಾರಿಗೆ ಹೋಗೂಣು."

ಬಳ್ಳಾರಿಯಲ್ಲಿ ರಕ್ತದ ಪರೀಕ್ಷೆಯಾಯಿತು. ಅಕ್ಷತಾಳ ಅನುಮಾನವೇ ನಿಜವಾಯಿತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆರಂಭವಾದರೂ ಜ್ವರ ಕೂಡಲೇ ಇಳಿಯಲಿಲ್ಲ. ಇಂದು ಇಳಿದೀತು, ನಾಳೆ ಇಳಿದೀತು ಎಂದು ಚನ್ನವೀರಮ್ಮ ನೆಲದ ಮೇಲೆ ಸೆರಗು ಹಾಸಿ ಮಲಗಿದಳು, ಎದ್ದಳು, ಮತ್ತೆ ಮಲಗಿದಳು. ಕೊನೆಗೊಂದು ಮುಂಜಾನೆ ಗಂಡನ ಹಣೆ ತಣ್ಣಗಿತ್ತು. ಮನೆಗೆ ಕಳಿಸುವಾಗ ವೈದ್ಯರು, ಇನ್ನೂ ಕೆಲವು ತಿಂಗಳು ಮಾತ್ರೆಗಳನ್ನು ತಪ್ಪದೆ ನುಂಗಬೇಕೆಂದು ಹೇಳಿದರು.

ಬೇಸಿಗೆ ಬೆಳೆಯ ನಾಟಿ ಹತ್ತಿರ ಬಂದಿತು. ದೊಡ್ಡಬಸಪ್ಪನ ಮುಖಕ್ಕೆ ಕಳೆ ಬಂದಿತ್ತು. ಬಂದ ಕಳೆಯೊಡನೆ ಹಳೆಯ ಹಟವೂ ಮರಳಿತು. ಅವನು ಮಾತ್ರೆಗಳನ್ನು ಬಿಟ್ಟುಬಿಟ್ಟ.

"ಜ್ವರ ಇಲ್ಲ, ಮಾತ್ರಿ ಯಾಕ? ನಾಳೆ ಮೊದಲ ಸಸಿ ನಾನ ಹಚ್ಚಬೇಕು, ಬರಿಗಾಲಾಗ."

ಚನ್ನವೀರಮ್ಮ ಅಕ್ಷತಾಳಿಗೆ ಫೋನು ಹಚ್ಚಿ ಅವನ ಕಿವಿಗೆ ಹಿಡಿದಳು.

"ಥಾಯ್ಲೆಂಡಿನ ಡಾಕ್ಟ್ರು ಇದನ್ನೂ ಪರೀಕ್ಷೆ ಮಾಡಿ ನೋಡ್ಯಾರ ಮಾವ," ಎಂದಳು ಅಕ್ಷತಾ. "ನಡುವ ಮಾತ್ರಿ ಬಿಟ್ಟವರಿಗೆ ಈ ರೋಗ ತಿರುಗಿ ಬರೋದು ಹೆಚ್ಚು. ಗಾಯ ಪೂರಾ ಮಾಯೋತನ ಗದ್ದಿಗೆ ಇಳೀಬ್ಯಾಡ್ರಿ. ಆಮ್ಯಾಲೂ ಮೊಣಕಾಲುದ್ದ ರಬ್ಬರ್ ಬೂಟು ಹಾಕ್ಕೊಂಡ ಇಳೀರಿ."

"ಗದ್ದ್ಯಾಗ ಬೂಟು? ನಾನೇನು ಪೊಲೀಸನೇನು?"

ಬಾಗಿಲಲ್ಲಿದ್ದ ಉಚ್ಚಂಗೆಮ್ಮ, "ಹಾಕ್ಕೋ ಅಣ್ಣ, ಪೊಲೀಸ್ ಬಂದ ಅಂತ ಗದ್ದ್ಯಾಗಿನ ಕಳೆ ಆದ್ರೂ ಓಡಿಹೋದೀತು," ಎಂದಳು. ದೊಡ್ಡಬಸಪ್ಪ ನಗಲಿಲ್ಲ. "ಭೂಮಿತಾಯಿ ಎದಿ ಮ್ಯಾಗ ಬೂಟುಗಾಲು ಇಡೋದು ಪಾಪ," ಎಂದ.

ಚನ್ನವೀರಮ್ಮ ಫೋನು ಕೆಳಗಿಟ್ಟು ಅವನೆದುರು ನೆಲದ ಮೇಲೆ ಕುಳಿತಳು. ಅವಳ ದನಿ ಏರಲಿಲ್ಲ.

"ದವಾಖಾನ್ಯಾಗ ನಿಮ್ಮ ಬಾಜೂ ಮಂಚ ಖಾಲಿ ಆದ ದಿನ, ನಿಮ್ಮ ಮೂಗಿನ ಮುಂದ ಕೈ ಹಿಡ್ಕೊಂಡು ಕುಂತಿದ್ದೆ, ಉಸಿರು ಐತೋ ಇಲ್ಲೋ ಅಂತ. ನನಗ ದಣಿವಾಗೈತ್ರಿ. ಇನ್ನೊಂದು ಸಲ ಹಂಗ ಕುಂದ್ರೋ ಶಕ್ತಿ ನನ್ನಾಗ ಇಲ್ಲ. ಬೂಟು ಹಾಕಿದ್ರ ಪಾಪ ಬರೋದಾದ್ರ, ಆ ಪಾಪ ನನಗಿರಲಿ."

ದೊಡ್ಡಬಸಪ್ಪ ಹೆಂಡತಿಯ ಕಣ್ಣಿನ ಕೆಳಗಿನ ಕಪ್ಪನ್ನು ಮೊದಲ ಬಾರಿ ಕಂಡವನಂತೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಮಾತ್ರಿ ಎಲ್ಲಿಟ್ಟೀ?"

ಮರುದಿನ ಅವನು ಬದುವಿನ ಮೇಲೆಯೇ ನಿಂತ. ಮೊದಲ ಸಸಿಯ ಕಟ್ಟನ್ನು ಚನ್ನವೀರಮ್ಮನ ಕೈಗಿಟ್ಟ. ಅವನಿಗೆಂದು ಬೆಳಿಗ್ಗೆಯೇ ಸಿರುಗುಪ್ಪದಿಂದ ತರಿಸಿದ್ದ ಬೂಟು ಅವಳ ಕಾಲಿಗೆ ದೊಡ್ಡದಾಗಿತ್ತು. ಹೆಜ್ಜೆ ಹೆಜ್ಜೆಗೂ ಕೆಸರು ಅದನ್ನು ಹಿಡಿದೆಳೆಯುತ್ತಿತ್ತು, ಆಳುಗಳು ನಕ್ಕರು. "ನಿಧಾನಕ್ಕ, ಚನ್ನವೀರಾ," ಎಂದು ದೊಡ್ಡಬಸಪ್ಪ ಕೂಗಿದ. ಅವಳು ಬಾಗಿ ಮೊದಲ ಸಸಿಯನ್ನು ಊರಿದಾಗ ಅವನು ಬದುವಿನ ಮೇಲಿಂದ ಕೈ ಮುಗಿದ.

ಭತ್ತ ಬೆಳೆಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದು ನಿಮ್ಮ ಮನೆಯ ಮಾತೆಂದು ತಿಳಿಯಿರಿ. ಗಾಯಕ್ಕೆ ಕೆಸರನ್ನು ಮೆತ್ತಬೇಡಿ; ಶುದ್ಧವಾದ ನೀರು ಮತ್ತು ಸಾಬೂನಿನಿಂದ ತೊಳೆದು ಮುಚ್ಚಿರಿ. ಗಾಯವಿದ್ದಾಗ ಗದ್ದೆಗೆ ಇಳಿಯಬೇಡಿ. ಕೆಸರಿಗೆ ಇಳಿಯುವಾಗ, ಮುಖ್ಯವಾಗಿ ಸಕ್ಕರೆ ಕಾಯಿಲೆಯವರು, ಬೂಟು ಧರಿಸಿರಿ. ಈ ರೋಗಾಣು ನೀರಿನಲ್ಲಿಯೂ ಇರಬಹುದು; ಕುಡಿಯುವ ನೀರನ್ನು ಕುದಿಸಿರಿ. ಜ್ವರ ಬಿಡದಿದ್ದರೆ ವೈದ್ಯರು ಕೇಳಲೆಂದು ಕಾಯದೆ ನೀವೇ ಹೇಳಿರಿ: "ನನಗೆ ಸಕ್ಕರೆ ಕಾಯಿಲೆ ಇದೆ, ನಾನು ಕೆಸರಿನಲ್ಲಿ ದುಡಿಯುತ್ತೇನೆ." ಕೊಟ್ಟ ಔಷಧವನ್ನು ಅವರು ಸಾಕೆನ್ನುವವರೆಗೆ ಬಿಡಬೇಡಿ. ಭೂಮಿಯನ್ನು ಪೂಜಿಸುವ ಕೈಗಳು ಗಟ್ಟಿಯಾಗಿರುವುದೇ ಭೂಮಿಗೆ ಸಲ್ಲುವ ಪೂಜೆ.

ಇದನ್ನು ಓದಿದವರ, ಓದಿಸಿ ಕೇಳಿದವರ ಮೈಯಲ್ಲಿ ಆರೋಗ್ಯ ನೆಲೆಸಲಿ. ಆರೈಕೆಯಲ್ಲಿ ಸವೆದ ಕಣ್ಣುಗಳಿಗೆ ನಿದ್ರೆ ಬರಲಿ. ಗದ್ದೆಗೆ ಹೋದವರೆಲ್ಲರೂ ಸುಖವಾಗಿ ಮನೆಗೆ ಮರಳಲಿ. ಶಿವನು ಎಲ್ಲರನ್ನೂ ಕಾಯಲಿ.